ಅವರದು ಕಟ್ಟಿಗೆ, ನನ್ನದು ಬಣ್ಣ: ಕೊಪ್ಪಳದಲ್ಲಿ ನಾವಿಬ್ಬರೂ ಈ ಕಸುಬು ಕಲಿತದ್ದು

ನಾವಿಬ್ಬರೂ ಈ ಕಸುಬಿನ ಮನೆತನದವರಲ್ಲ. ನಮ್ಮ ಮನೆಯವರು ಐಟಿಐ ಫಿಟ್ಟರ್, ಗಿಣಿಗೇರಾ ಕಡೆಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿದ್ದರು. ನಾನು ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್, ಸಂಜೆ ಹೊತ್ತು ಬ್ಲೌಸಿಗೆ ಕಸೂತಿ ಹಾಕಿ ಕೊಡುತ್ತಿದ್ದೆ. ಈಗ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ತೊಟ್ಟಿಲು, ಹಸೆಮಣೆ, ದೇವರ ಮಂಟಪ, ಟೀಪಾಯಿ, ಕನ್ನಡಿ ಚೌಕಟ್ಟು ಮಾಡುತ್ತೇವೆ. ಕಟ್ಟಿಗೆ ಕೆಲಸ ಅವರದು, ಉಬ್ಬು ಚಿತ್ತಾರ ಮತ್ತು ಬಣ್ಣ ನನ್ನದು. ಬಂದು ನೋಡಿದವರು, ಅದರಲ್ಲೂ ಗಂಡ-ಹೆಂಡತಿ ಜೊತೆಯಾಗಿ ಏನಾದರೂ ಮಾಡಬೇಕು ಅನ್ನೋರು, ಹೇಗೆ ಶುರು ಮಾಡಿದಿರಿ ಅಂತ ಕೇಳುತ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಕೂಡಿಸಿ ಬರೆದಿದ್ದೇನೆ.

ಒಂದು ಮಾತು ಮೊದಲೇ. ಕಟ್ಟಿಗೆ ಕೆಲಸ ಕಲಿಯೋದು ಒಂದು, ಬಣ್ಣದ ಕೆಲಸ ಕಲಿಯೋದು ಇನ್ನೊಂದು, ಆದರೆ ಅವೆರಡೂ ಒಂದೇ ಸಾಮಾನಿನ ಮೇಲೆ ವರ್ಷಗಟ್ಟಲೆ ಜಗಳವಿಲ್ಲದೆ ಕೂರುವ ಹಾಗೆ ಮಾಡೋದು ಮೂರನೆಯದು. ನಮಗೆ ಜಾಸ್ತಿ ಸಮಯ ಹಿಡಿದದ್ದು ಈ ಮೂರನೆಯದಕ್ಕೇ. ಕಟ್ಟಿಗೆ ಕುಗ್ಗುತ್ತದೆ, ಹಿಗ್ಗುತ್ತದೆ. ಬಣ್ಣದ ಕೆಳಗಿನ ಗಟ್ಟಿ ಲೇಪ ಹಾಗೆ ಮಾಡಲ್ಲ. ನಮ್ಮ ಇಡೀ ಕಸುಬು ಈ ಎರಡು ವಾಕ್ಯದ ನಡುವೆ ಇದೆ.

ಅವರ ಕಲಿಕೆ ರಿಪೇರಿಯಿಂದ ಶುರುವಾಯಿತು. ಊರಿನಲ್ಲಿ ಒಬ್ಬ ಹಿರಿಯ ಬಡಿಗೇರ ಕಾಕಾ ಇದ್ದರು, ಅವರ ಅಂಗಡಿಗೆ ನಮ್ಮವರು ಶಿಫ್ಟ್ ಮುಗಿಸಿ ಹೋಗಿ ಕೂರುತ್ತಿದ್ದರು. ನಾಲ್ಕು ದಿನದಲ್ಲಿ ಕುರ್ಚಿ ಮಾಡಿಸಿಯಾರು ಅಂತ ಇವರ ಆಸೆ. ಕಾಕಾ ಕೈಗೆ ಕೊಟ್ಟದ್ದು ಸಾಣೆಕಲ್ಲು. "ಮೊದಲು ಉಳಿ ಹರಿತ ಮಾಡೋ ತಮ್ಮಾ, ಕುರ್ಚಿ ಆಮ್ಯಾಲೆ ಮಾಡೀವಂತ." ಉಳಿಯ ಬಾಯಿ 25ರಿಂದ 30 ಡಿಗ್ರಿ ಕೋನದಲ್ಲಿ ಇರಬೇಕು, ಹಿಂಭಾಗ ಕನ್ನಡಿ ಹಾಗೆ ಸಪಾಟಾಗಿರಬೇಕು. ಇದನ್ನು ಫಿಟ್ಟರ್ ಆದವರಿಗೆ ಬೇರೆ ಹೇಳಬೇಕಾಗಿರಲಿಲ್ಲ, ಬೇಗ ಕೈಗೆ ಬಂತು. ಕಷ್ಟವಾದದ್ದು ಬೇರೆ. ಕಬ್ಬಿಣಕ್ಕೆ ಎಳೆ ಇಲ್ಲ, ಎತ್ತ ಕಡೆಯಿಂದ ಕೊಯ್ದರೂ ಒಂದೇ. ಕಟ್ಟಿಗೆಗೆ ಎಳೆ ಇದೆ, ಅದರ ವಿರುದ್ಧ ಹತ್ತರಿ (ಕಟ್ಟಿಗೆ ಹೆರೆದು ನುಣುಪು ಮಾಡುವ ಸಲಕರಣೆ) ಹೊಡೆದರೆ ಸಿಬಿರು ಏಳುತ್ತದೆ. ಎಳೆ ಯಾವ ಕಡೆ ಮಲಗಿದೆ ಅಂತ ಬೆರಳಲ್ಲಿ ಸವರಿ ಹೇಳೋದಕ್ಕೆ ಇವರಿಗೆ ಒಂದು ಮಳೆಗಾಲ, ಒಂದು ಬೇಸಿಗೆ ಎರಡೂ ಬೇಕಾದವು.

ರಿಪೇರಿ ಕೆಲಸವನ್ನು ಯಾರೂ ಕೀಳಾಗಿ ನೋಡಬೇಡಿ. ಸಾಮಾನು ಎಲ್ಲಿ ಮುರಿಯುತ್ತದೆ ಅಂತ ತೋರಿಸಿಕೊಡುವ ಗುರು ಅದೊಂದೇ. ಕುರ್ಚಿ ಯಾವಾಗಲೂ ಹಿಂದಿನ ಕಾಲಿಗೆ ಪಕ್ಕದ ಪಟ್ಟಿ ಸೇರುವಲ್ಲಿ ಬಿಚ್ಚಿಕೊಳ್ಳುತ್ತದೆ, ಯಾಕಂದರೆ ಜನ ಹಿಂದಕ್ಕೆ ಒರಗಿ ಕೂರುತ್ತಾರೆ. ಮಂಚ ತಲೆದಿಂಬಿನ ಕಡೆಯ ಮೂಲೆಯಲ್ಲಿ ಕಿರ್ ಅನ್ನುತ್ತದೆ. ಡ್ರಾಯರಿನ ತಳ ಜೋತು ಬೀಳುತ್ತದೆ. ಹಳೆಯ ಮಂಚ ಒಂದನ್ನು ಬಿಚ್ಚಿದಾಗ ಒಳಗೆ ಕಬ್ಬಿಣದ ಮೊಳೆಯೇ ಇರಲಿಲ್ಲ. ಒಂದು ಕಟ್ಟಿಗೆಗೆ ತೂತು, ಇನ್ನೊಂದರ ತುದಿಯಲ್ಲಿ ಕೆತ್ತಿದ ನಾಲಿಗೆ, ಅಡ್ಡಲಾಗಿ ಬಿದಿರಿನ ಮೊಳೆ, ಅಷ್ಟೇ. ಕಬ್ಬಿಣದ ಮೊಳೆಯಾಗಿದ್ದರೆ ತುಕ್ಕು ಹಿಡಿದು ಸುತ್ತಲಿನ ಕಟ್ಟಿಗೆ ಕಪ್ಪಾಗಿ ಕೊಳೆಯುತ್ತಿತ್ತು. ಈಗಲೂ ನಮ್ಮ ತೊಟ್ಟಿಲಿನ ಮೂಲೆಗಳಿಗೆ ಇವರು ಬಿದಿರು ಮೊಳೆಯನ್ನೇ ಹಾಕುತ್ತಾರೆ. ಕೈಯಲ್ಲಿ ಸೀಳಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಡಬ್ಬಿಯಲ್ಲಿಟ್ಟುಕೊಂಡಿರುತ್ತಾರೆ.

ಅಮಾವಾಸ್ಯೆಗೆ ಕಾಕಾ ಅಂಗಡಿ ಬಂದ್, ಉಳಿ-ಬಾಚಿಗೆಲ್ಲ ಪೂಜೆ. ನಾವೂ ಅದನ್ನೇ ಹಿಡಿದಿದ್ದೇವೆ. ಗಿರಾಕಿಗಳು ಬೈದುಕೊಂಡರೂ ತಿಂಗಳಿಗೆ ಒಂದು ದಿನ ಮಿಷನ್ ಸದ್ದಿಲ್ಲದ ಮನೆ ಸಿಗುತ್ತದಲ್ಲ, ಅದಕ್ಕೆ ಭಕ್ತಿಗಿಂತ ಜಾಸ್ತಿ ಕಾರಣ ಬೇಡ.

ಈಗ ನನ್ನ ಕಡೆ. ಕೊಪ್ಪಳದವರಿಗೆ ಕಿನ್ನಾಳ ಗೊತ್ತೇ ಇದೆ, ಹೊರಗಿನವರಿಗಾಗಿ ಹೇಳುತ್ತೇನೆ. ಊರು ಕೊಪ್ಪಳ ತಾಲ್ಲೂಕಿನದೇ, ಇಲ್ಲಿಂದ ಸಿಟಿ ಬಸ್ಸಿಗೆ ಹೋದಷ್ಟು ಸಲೀಸಾಗಿ ಹೋಗಿ ಬರಬಹುದು. ಅಲ್ಲಿಯ ಚಿತ್ರಗಾರ ಮನೆತನದವರು ತಲೆಮಾರುಗಳಿಂದ ಕಟ್ಟಿಗೆಯ ಗೊಂಬೆ, ಗ್ರಾಮದೇವತೆಯ ಮೂರ್ತಿ, ಪಲ್ಲಕ್ಕಿ, ಗರುಡ, ಹೋಳಿಯ ಕಾಮಣ್ಣ-ರತಿ ಎಲ್ಲ ಮಾಡುತ್ತಾ ಬಂದಿದ್ದಾರೆ. ಕಿನ್ನಾಳ ಆಟಿಕೆಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು ಕೂಡ ಇದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಒಮ್ಮೆ ಅಲ್ಲಿಗೆ ಹೋಗಿದ್ದೆ, ಆಮೇಲೆ ಒಬ್ಬಳೇ ಹೋದೆ, ಆಮೇಲೆ ರಜಾ ಸಿಕ್ಕಾಗಲೆಲ್ಲ ಹೋದೆ. ಒಂದು ಮನೆಯ ಅಮ್ಮ ನನ್ನನ್ನು ಸೇರಿಸಿಕೊಂಡರು. ಮೊದಲು ಕೊಟ್ಟ ಕೆಲಸ ಹುಣಸೆ ಬೀಜದ ಸಿಪ್ಪೆ ಸುಲಿಯೋದು.

ಆ ಬೀಜದ ಅಂಟೇ ಆ ಕಲೆಯ ಬುನಾದಿ. ನೆನೆಸಿದ ಬೀಜವನ್ನು ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ, ಕುದಿಸಿದರೆ ಅಂಟು. ಗೊಂಬೆಯ ಭಾಗಗಳನ್ನು ಹಗುರವಾದ ಮೆತ್ತನೆ ಕಟ್ಟಿಗೆಯಲ್ಲಿ ಬೇರೆ ಬೇರೆ ಕೆತ್ತಿ ಇದರಿಂದಲೇ ಜೋಡಿಸುತ್ತಾರೆ. ಗೋಣಿನಾರನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಇದೇ ಅಂಟಿನ ಜೊತೆ ಕಲಸಿದರೆ ಕಿಟ್ಟ ಆಗುತ್ತದೆ. ಅದನ್ನು ಮೈಗೆಲ್ಲ ಬಳಿದು, ಅದರ ಮೇಲೆ ಹತ್ತಿ ಬಟ್ಟೆಯ ತುಂಡು ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಒಡವೆ, ಕಿರೀಟ, ಸೀರೆಯ ಅಂಚು ಇವನ್ನೆಲ್ಲ ಅದೇ ಕಲ್ಲುಪುಡಿಯನ್ನು ಅಂಟಿನಲ್ಲಿ ಕಲಸಿ ಉಬ್ಬು ಉಬ್ಬಾಗಿ ಎಳೆಯುತ್ತಾರೆ. ತವರದಿಂದ ಬೆಳ್ಳಿ ಬಂಗಾರದ ಹೊಳಪು ತರುವ ಲಾಜವಾರ ಅನ್ನೋ ಕೆಲಸವೂ ಇದೆ. ಅದನ್ನು ನಾನು ಕಲಿತಿಲ್ಲ. ಅವರಾಗಿ ಹೇಳಲಿಲ್ಲ, ನಾನಾಗಿ ಕೇಳಲಿಲ್ಲ. ಒಂದು ಮನೆತನದ ಕೈಯಲ್ಲಿ ಇಷ್ಟು ಕಾಲ ಉಳಿದದ್ದನ್ನೆಲ್ಲ ಹೋಗಿ ಹೆಕ್ಕಿಕೊಂಡು ಬರಬೇಕು ಅಂತ ನನಗೆ ಅನಿಸಲ್ಲ.

ಇದೇ ಕಾರಣಕ್ಕೆ ನಮ್ಮ ಸಾಮಾನಿಗೆ ನಾವು ಕಿನ್ನಾಳದ ಹೆಸರು ಹಾಕಲ್ಲ. ಗಿರಾಕಿ "ಕಿನ್ನಾಳದ್ದಾ?" ಅಂತ ಕೇಳಿದರೆ "ಅಲ್ಲ, ಅಲ್ಲಿಯವರ ಹತ್ತಿರ ಒಂದಿಷ್ಟು ಕಲಿತದ್ದು" ಅನ್ನುತ್ತೇನೆ. ಜಿಐ ಅಂದರೆ ಸುಮ್ನೆ ಅಂಟಿಸೋ ಚೀಟಿ ಅಲ್ಲ, 1999ರ ಕಾಯ್ದೆ ಪ್ರಕಾರ ಅಧಿಕೃತ ಬಳಕೆದಾರರು ಅಂತ ನೋಂದಾಯಿಸಿಕೊಂಡವರಿಗೆ ಇರುವ ಹಕ್ಕು. ಗೊಂಬೆ ಬೇಕು ಅಂತ ಬಂದವರನ್ನು ನೇರ ಊರಿಗೇ ಕಳಿಸುತ್ತೇವೆ. ಕೆಲವು ವ್ಯಾಪಾರ ಕೈತಪ್ಪುತ್ತದೆ, ತಪ್ಪಲಿ.

ಸರಿ, ಇಬ್ಬರೂ ಅಷ್ಟಿಷ್ಟು ಕಲಿತೆವು. ಅವರು ಸಾಗವಾನಿಯಲ್ಲಿ ಒಂದು ಟೀಪಾಯಿ ಮಾಡಿದರು, ಅದರ ಹಲಗೆಯ ಸುತ್ತ ನಾನು ಬಳ್ಳಿ ಚಿತ್ತಾರವನ್ನು ಉಬ್ಬಾಗಿ ಎಳೆದೆ. ನೋಡೋಕೆ ಬಹಳ ಚಂದ ಇತ್ತು. ಶಿವರಾತ್ರಿ ಕಳೆದು ಬಿಸಿಲು ಏರಿದ್ದೇ ತಡ, ಬಳ್ಳಿಯ ಮೇಲೆ ಸಣ್ಣ ಸಣ್ಣ ಬಿರುಕು. ಕಾಕಾಗೆ ತೋರಿಸಿದರೆ ಅವರು ಬಳ್ಳಿಯನ್ನು ನೋಡಲೇ ಇಲ್ಲ, ಹಲಗೆಯ ತುದಿಯನ್ನು ನೋಡಿದರು. ಚಿತ್ರಗಾರ ಅಮ್ಮ ಹಲಗೆಯನ್ನು ನೋಡಲಿಲ್ಲ, "ಬಟ್ಟಿ ಹಾಕಿಲ್ಲಲ್ಲ" ಅಂದರು. ಇಬ್ಬರ ಮಾತೂ ಸೇರಿದರೆ ಪೂರ್ತಿ ಉತ್ತರ.

ಕಟ್ಟಿಗೆ ಉದ್ದಕ್ಕೆ ಕುಗ್ಗೋದು ಬಹಳ ಕಡಿಮೆ, ಹಸಿಯಿಂದ ಪೂರ್ತಿ ಒಣಗುವವರೆಗೆ ನೂರಕ್ಕೆ 0.1ರಿಂದ 0.2ರಷ್ಟು. ಅಗಲಕ್ಕೆ ಕುಗ್ಗೋದು ಅದರ ಎಷ್ಟೋ ಪಟ್ಟು. ಅದರಲ್ಲೂ ಮರದ ವರ್ಷದ ಉಂಗುರಗಳ ಗುಂಟ ಕುಗ್ಗುವುದು, ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದಕ್ಕಿಂತ ಹೆಚ್ಚು ಕಡಿಮೆ ಎರಡರಷ್ಟು. ಹಸಿ ಮರದಲ್ಲಿ ನೀರು ಎಷ್ಟೇ ಇರಲಿ, ಅದು ನೂರಕ್ಕೆ 30ರ ಆಸುಪಾಸಿಗೆ ಇಳಿಯುವವರೆಗೆ ಕಟ್ಟಿಗೆ ಕುಗ್ಗಲ್ಲ, ಅದರ ಕೆಳಗೆ ಇಳಿದಾಗ ಕುಗ್ಗಲು ಶುರು. ನಮ್ಮ ಕಡೆ ಪೀಠೋಪಕರಣಕ್ಕೆ 8ರಿಂದ 12ರ ಒಳಗೆ ತೇವಾಂಶ ಇರಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣ ಊರು ನಮ್ಮದು. ಮಳೆ ಜಾಸ್ತಿ ಇರುವ ಮಲೆನಾಡಿನ ಕಡೆಯಿಂದ ಬಂದ ಕಟ್ಟಿಗೆ ಅಲ್ಲಿ ಒಣಗಿದ್ದು ಅಂತ ಅನಿಸಿದರೂ ಇಲ್ಲಿಗೆ ಬಂದ ಮೇಲೆ ಇನ್ನೂ ಒಣಗುತ್ತದೆ. ತೇವ ಅಳೆಯುವ ಚಿಕ್ಕ ಮೀಟರ್ ಸಿಗುತ್ತದೆ, ಎರಡು ಮುಳ್ಳು ಚುಚ್ಚಿದರೆ ಅಂಕಿ ತೋರಿಸುತ್ತದೆ. ಹೊಸಬರು ದೊಡ್ಡ ಮಿಷನ್ ತರುವುದಕ್ಕೆ ಮೊದಲು ಇದನ್ನು ತರಲಿ. ಗಾಳಿಯಲ್ಲಿ ಒಣಗಿಸೋದಾದರೆ ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳೆಯ ಲೆಕ್ಕ. ನಮ್ಮ ಬಿಸಿಲಿಗೆ ಅಷ್ಟು ಬೇಡ, ಆದರೆ ಅವಸರ ಮಾಡಿ ಬಿಸಿಲಿಗೆ ಹಾಕಿದರೆ ತುದಿಗಳು ಸೀಳುತ್ತವೆ. ಹಲಗೆಗಳ ನಡುವೆ ಸಣ್ಣ ಪಟ್ಟಿ ಇಟ್ಟು ನೆರಳಲ್ಲಿ ಅಟ್ಟಿ ಹಾಕಿ, ತುದಿಗಳಿಗೆ ಹಳೆಯ ಪೇಂಟ್ ಬಳಿದಿಡುತ್ತೇವೆ.

ಅಮ್ಮ ಹೇಳಿದ ಬಟ್ಟೆಯ ಮಾತಿಗೆ ಬರೋಣ. ಗೊಂಬೆಯಲ್ಲಿ ಕಟ್ಟಿಗೆ ಮತ್ತು ಕಲ್ಲುಪುಡಿಯ ನಡುವೆ ನಾರಿನ ಕಿಟ್ಟ ಇದೆ, ಬಟ್ಟೆ ಇದೆ. ಕಟ್ಟಿಗೆ ಅಲುಗಿದರೆ ಆ ಅಲುಗಾಟವನ್ನು ಬಟ್ಟೆ ನುಂಗಿಕೊಳ್ಳುತ್ತದೆ. ಗೊಂಬೆಯ ಭಾಗಗಳೂ ಸಣ್ಣವು, ಕಟ್ಟಿಗೆ ಹಗುರ. ನಾನು ಅದೇ ಲೇಪವನ್ನು ಎರಡಡಿ ಅಗಲದ ಎಣ್ಣೆಯಂಶದ ಸಾಗವಾನಿ ಹಲಗೆಯ ಮೇಲೆ ನೇರವಾಗಿ ಎಳೆದಿದ್ದೆ. ಸಾಗವಾನಿಯ ಎಣ್ಣೆಗೆ ಅಂಟು ಹಿಡಿಯೋದೂ ಕಷ್ಟ, ಹಚ್ಚುವ ಮುಂಚೆ ಥಿನ್ನರ್ ಬಟ್ಟೆಯಿಂದ ಒರೆಸಿ ಕೂಡಲೇ ಹಚ್ಚಬೇಕು.

ಅಲ್ಲಿಂದ ನಾವು ಸಾಮಾನಿನ ನಕ್ಷೆಯನ್ನೇ ಬದಲಿಸಿದೆವು. ಮೊದಲು ಅವರು ಮಾಡಿ ಮುಗಿಸಿ, ಆಮೇಲೆ ನನಗೆ ಕೊಡುತ್ತಿದ್ದರು. ಈಗ ಕಾಗದದ ಮೇಲೆ ಗೆರೆ ಎಳೆಯುವಾಗಲೇ ಇಬ್ಬರೂ ಕೂರುತ್ತೇವೆ. ಅಗಲವಾದ ಹಲಗೆಯ ಮೇಲೆ ಉಬ್ಬು ಕೆಲಸ ಇಲ್ಲವೇ ಇಲ್ಲ, ಅಲ್ಲಿ ಬರೀ ಪಾಲಿಶ್. ಉಬ್ಬು ಕೆಲಸ ಬರುವುದು ಕಿರಿದಾದ ಪಟ್ಟಿಗಳ ಮೇಲೆ. ತೊಟ್ಟಿಲಿನ ಹೊರಬದಿಯ ಪಟ್ಟಿ, ಮಂಟಪದ ಕಂಬ, ಮಣೆಯ ನಾಲ್ಕು ಬದಿ. ಎರಡಿಂಚಿನ ಪಟ್ಟಿ ಅಗಲಕ್ಕೆ ಎಷ್ಟು ಕುಗ್ಗಿದರೂ ಕೂದಲೆಳೆಯಷ್ಟು, ಲೇಪ ತಡೆದುಕೊಳ್ಳುತ್ತದೆ. ದೊಡ್ಡ ಚಿತ್ರ ಬೇಕು ಅಂದರೆ, ಉದಾಹರಣೆಗೆ ಮಂಟಪದ ಹಿಂಬದಿಗೆ ಗಜಲಕ್ಷ್ಮಿ, ಆಗ ಚೌಕಟ್ಟಿನಲ್ಲಿ ಗಾಡಿ, ಅಂದರೆ ಫಲಕದ ಅಂಚು ಕೂರುವ ಉದ್ದನೆಯ ಸಂದು, ಕೊರೆದು ಒಳಗೆ ಫಲಕ ಕೂರಿಸುತ್ತಾರೆ. ಆ ಫಲಕಕ್ಕೆ ಫೆವಿಕಾಲ್ ಹಚ್ಚಬಾರದು, ಗಾಡಿಯೊಳಗೆ ಸಡಿಲವಾಗಿ ನಿಲ್ಲಬೇಕು. ಚಿತ್ರ ಫಲಕದ ನಡುವೆ ಇರಬೇಕು, ಚೌಕಟ್ಟಿನ ಗೆರೆಯನ್ನು ದಾಟಬಾರದು. ಫಲಕಕ್ಕೆ ನಾವು ಹೆಚ್ಚಾಗಿ ಪ್ಲೈವುಡ್ಡೇ ಬಳಸುತ್ತೇವೆ, ಅದರ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಅಲುಗಾಟ ಕಡಿಮೆ. "ಪ್ಲೈವುಡ್ಡಾ?" ಅಂತ ಮೂಗು ಮುರಿಯುವವರಿಗೆ ಇದನ್ನೇ ಹೇಳುತ್ತೇನೆ. ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಐಎಸ್ ನಂಬರ್ (ಭಾರತೀಯ ಗುಣಮಟ್ಟದ ಸಂಖ್ಯೆ) ನೋಡಿ. ಐಎಸ್ 303 ಸಾಮಾನ್ಯ ಬಳಕೆಗೆ, ಐಎಸ್ 710 ನೀರಿಗೆ ತಡೆಯುವ ಮರೀನ್ ದರ್ಜೆ. ಅಭಿಷೇಕ, ದೀಪ ಇರುವ ಮಂಟಪಕ್ಕೆ ನಾವು 710 ಹಾಕುತ್ತೇವೆ.

ಇನ್ನೊಂದು ಸಣ್ಣ ವಿಷಯ, ಇದನ್ನು ಯಾರೂ ಹೇಳಿಕೊಡಲಿಲ್ಲ. ಫಲಕ ಪ್ಲೈವುಡ್ ಅಲ್ಲದೆ ಇಡೀ ಕಟ್ಟಿಗೆಯದಾದರೆ ಅದನ್ನು ಚೌಕಟ್ಟಿಗೆ ಕೂರಿಸುವ ಮುಂಚೆಯೇ ಅಂಚಿನವರೆಗೂ ಬಣ್ಣ ಹಚ್ಚಿ ಮುಗಿಸಬೇಕು. ಕೂರಿಸಿದ ಮೇಲೆ ಹಚ್ಚಿದರೆ, ಬೇಸಿಗೆಯಲ್ಲಿ ಫಲಕ ಕುಗ್ಗಿದಾಗ ಗಾಡಿಯೊಳಗಿಂದ ಬಣ್ಣವಿಲ್ಲದ ಬಿಳಿ ಗೆರೆ ಇಣುಕುತ್ತದೆ. ಇದಕ್ಕಾಗಿ ನಮ್ಮ ಮನೆಯವರು ಅರ್ಧಕ್ಕೆ ಕೆಲಸ ನಿಲ್ಲಿಸಿ ನನಗಾಗಿ ಕಾಯಬೇಕು. ಕಾಯೋದು ಅವರಿಗೆ ಬರಲ್ಲ. ನಮ್ಮ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಜಾಗದಲ್ಲೇ ಆಗುತ್ತವೆ.

ಕಲ್ಲುಪುಡಿಯ ಲೇಪಕ್ಕೆ ನಮ್ಮ ಬಿಸಿಲೇ ದೊಡ್ಡ ಶತ್ರು. ಮಧ್ಯಾಹ್ನ ಹಚ್ಚಿದರೆ ಮೇಲ್ಭಾಗ ನಿಮಿಷಗಳಲ್ಲಿ ಒಣಗಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಬಿರುಕು. ಹಾಗಾಗಿ ಬೇಸಿಗೆಯಲ್ಲಿ ನನ್ನ ಕೆಲಸ ಬೆಳಗಿನ ಜಾವ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ, ತೆಳ್ಳಗೆ ಒಂದರ ಮೇಲೊಂದು ಪದರ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದಿಲ್ಲ. ಮಳೆಗಾಲದಲ್ಲಿ ತೊಂದರೆ ಉಲ್ಟಾ, ಹುಣಸೆ ಅಂಟಿಗೆ ಬೂಸು ಬರುತ್ತದೆ. ಅಂದಂದಿನ ಅಂಟನ್ನು ಅಂದೇ ಮಾಡಿಕೊಳ್ಳಬೇಕು. ಅತ್ತೆಯವರು ಹುಣಸೆಹಣ್ಣು ಕುಟ್ಟುವ ಕಾಲಕ್ಕೆ ಬೀಜವನ್ನೆಲ್ಲ ಡಬ್ಬಿಗೆ ತುಂಬಿ "ನಿನ್ನ ಫ್ಯಾಕ್ಟ್ರಿಗೆ" ಅಂತ ತೆಗೆದಿಡುತ್ತಾರೆ. ಮೊದಲ ವರ್ಷ ನಾನು ಶಾಲೆ ಬಿಟ್ಟಾಗ ಎಲ್ಲರಿಗಿಂತ ಜಾಸ್ತಿ ಬೈದವರೂ ಅವರೇ.

ಧೂಳಿನ ವಿಷಯ ಗಂಭೀರವಾಗಿ ತಗೊಳ್ಳಿ. ಒಂದೇ ಶೆಡ್ಡಿನಲ್ಲಿ ಒಬ್ಬರು ಕಟ್ಟಿಗೆ ಉಜ್ಜುತ್ತಿದ್ದರೆ ಇನ್ನೊಬ್ಬರು ಬಣ್ಣ ಹಚ್ಚೋಕಾಗಲ್ಲ, ಹಸಿ ಬಣ್ಣಕ್ಕೆ ಧೂಳು ಕೂರುತ್ತದೆ. ನಡುವೆ ಗೋಡೆ ಹಾಕಿಸಿದ್ದು ನಮ್ಮ ಮೊದಲ ದೊಡ್ಡ ಖರ್ಚು, ಮಿಷನ್ನಿಗಿಂತ ಮುಂಚೆ. ಅದಕ್ಕಿಂತ ಮುಖ್ಯ ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕಟ್ಟಿಗೆ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಕಾರ್ಖಾನೆಯ ಕರಿ ಧೂಳಿನಿಂದ ಹೊರಗೆ ಬಂದವರು ಮನೆಯಲ್ಲಿ ಕೆಂಪು ಧೂಳು ಕುಡಿಯೋದು ಯಾಕೆ? ಎನ್-95 ಮಾಸ್ಕ್ ಇಲ್ಲದೆ ಸ್ಯಾಂಡಿಂಗ್ ಇಲ್ಲ, ಇದು ನನ್ನ ಕಡೆಯಿಂದ ಬಂದ ಕಾನೂನು.

ಕಟ್ಟಿಗೆ ಎಲ್ಲಿಂದ ತರುತ್ತೀರಿ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಹೊಸ ಸಾಗವಾನಿ ಸಾಮಿಲ್‌ನಿಂದ ಬರುತ್ತದೆ. ದಾಂಡೇಲಿಯ ಅರಣ್ಯ ಇಲಾಖೆಯ ಡಿಪೋದಲ್ಲಿ ಹರಾಜಿಗೆ ಬರುವ ಮಾಲಿಗೆ ಒಳ್ಳೆ ಹೆಸರಿದೆ, ಆದರೆ ಅದು ದೊಡ್ಡ ಲೆಕ್ಕದವರಿಗೆ. ಯಾರಿಂದ ತಂದರೂ ಬಿಲ್ ಇಟ್ಟುಕೊಳ್ಳಿ. ಅಳತೆಯ ಲೆಕ್ಕ ನೀವೇ ಮಾಡಿ ನೋಡಿ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಏಳಡಿ ಉದ್ದ, ಆರಿಂಚು ಅಗಲ, ಎರಡಿಂಚು ದಪ್ಪದ ತುಂಡು 0.58 ಘನ ಅಡಿ. ಕೊಯ್ದು ಹತ್ತರಿ ಹೊಡೆದ ಮೇಲೆ ಕೈಗೆ ಉಳಿಯೋದು ಅದಕ್ಕಿಂತ ಎಷ್ಟೋ ಕಡಿಮೆ, ಆ ನಷ್ಟವನ್ನೂ ರೇಟಿಗೆ ಸೇರಿಸಬೇಕು.

ಆದರೆ ನನಗೆ ಇಷ್ಟವಾದದ್ದು ಹಳೆ ಮನೆಯ ಕಟ್ಟಿಗೆ. ಈ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟುತ್ತಿದ್ದಾರೆ. ಕಂಬ, ತೊಲೆ, ಜಂತಿ, ಬಾಗಿಲು ಎಲ್ಲ ರಾಶಿ ಬೀಳುತ್ತವೆ. ಸಾಗವಾನಿ ಇದ್ದರೆ ವ್ಯಾಪಾರಿಗಳು ಮೊದಲೇ ಒಯ್ದಿರುತ್ತಾರೆ. ಬೇವು ಉಳಿದಿರುತ್ತದೆ. ಎರಡು ಮೂರು ತಲೆಮಾರು ಒಲೆಯ ಹೊಗೆ ಕುಡಿದು ಒಣಗಿದ ಬೇವು ಹೊಸ ಕಟ್ಟಿಗೆಯಷ್ಟು ಅಲುಗಲ್ಲ, ನನ್ನ ಲೇಪಕ್ಕೆ ಅದಕ್ಕಿಂತ ಒಳ್ಳೆ ಜೊತೆ ಸಿಕ್ಕಿಲ್ಲ. ಹಳೆ ಕಟ್ಟಿಗೆಯಲ್ಲಿ ಮೊಳೆ ಅಡಗಿರುತ್ತವೆ, ಪ್ಲೇನರ್ ಬ್ಲೇಡಿಗೆ ಒಂದು ಸಿಕ್ಕರೆ ಬ್ಲೇಡ್ ಹೋಯಿತು. ದೊಡ್ಡ ಅಯಸ್ಕಾಂತ ಹಿಡಿದು ಮೈಯೆಲ್ಲ ಸವರಿ ನೋಡುತ್ತಾರೆ ನಮ್ಮವರು. ಕುಟ್ಟೆ ಹುಳುವಿನ ತೂತು ಕಂಡರೆ ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಲ್ಲಿ ಕರಗಿಸಿ ಎರಡು ಸಲ ಬಳಿದು ಒಣಗಿಸುತ್ತಾರೆ.

ಬಣ್ಣದಲ್ಲಿ ತೊಟ್ಟಿಲಿನ ಲೆಕ್ಕವೇ ಬೇರೆ. ಬಣ್ಣದ ತೊಟ್ಟಿಲು ಅಂದರೆ ಧಾರವಾಡ ಜಿಲ್ಲೆಯ ಕಲಘಟಗಿಯದು ನೆನಪಾಗುತ್ತದೆ. ಅದು ಅರಗಿನ ಬಣ್ಣದ ಕೆಲಸ, ನಮ್ಮದು ಆ ಜಾತಿಯದಲ್ಲ. ನಾನು ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಳಸುತ್ತೇನೆ. ಮನೆಗೆ ಹಚ್ಚುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅಂತ 2016ರ ನಿಯಮ ಇದೆ, ಡಬ್ಬದ ಮೇಲೆ ಬರೆದಿರುತ್ತದೆ. ಬರೆಯದ ಡಬ್ಬ ನಮ್ಮ ಮನೆಗೆ ಬರಲ್ಲ. ಹಾಗಿದ್ದರೂ ಮಗು ಎದ್ದು ನಿಂತಾಗ ಬಾಯಿ ಹಾಕುವ ಮೇಲಿನ ಪಟ್ಟಿಗೆ ಬಣ್ಣವೇ ಹಚ್ಚಲ್ಲ, ಸ್ಪಿರಿಟ್‌ನಲ್ಲಿ ಅರಗು ಕರಗಿಸಿದ ಪಾಲಿಶ್ ಮಾತ್ರ. ಚಿತ್ರ ಎಲ್ಲ ಹೊರಮೈಗೆ. ಪಟ್ಟಿಗಳ ನಡುವೆ ಎರಡೂಕಾಲು ಇಂಚಿಗಿಂತ ಜಾಸ್ತಿ ಸಂದು ಬಿಡಲ್ಲ, ಮಗುವಿನ ತಲೆ ಸಿಕ್ಕಬಾರದು. ಅದೇ ಅರಗಿನ ಪಾಲಿಶ್ ಟೀಪಾಯಿಗೆ ನಡೆಯಲ್ಲ, ಬಿಸಿ ಚಹಾ ಕಪ್ಪಿನ ಬಿಳಿ ಉಂಗುರ ಬಿದ್ದುಬಿಡುತ್ತದೆ. ಅದಕ್ಕೆ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್.

ಈಗ ದುಡ್ಡು. ಮೊದಮೊದಲು ಗಿರಾಕಿಗಳು ಕಟ್ಟಿಗೆಗೆ ದುಡ್ಡು ಕೊಡುತ್ತಿದ್ದರು, ಅವರ ಕೂಲಿಗೆ ಚೌಕಾಸಿ ಮಾಡುತ್ತಿದ್ದರು, ನನ್ನ ಕೆಲಸಕ್ಕೆ ನಗುತ್ತಿದ್ದರು. "ಬಣ್ಣ ಹಚ್ಚಿದ್ದಕ್ಕೂ ಬೇರೆ ದುಡ್ಡಾ ಅಕ್ಕಾ, ಮನ್ಯಾಗ ಕೂತು ಮಾಡೀರಿ." ಮಣೆಯ ಕಟ್ಟಿಗೆ ಕೆಲಸ ಅವರದು ಒಂದು ದಿನ, ನನ್ನದು ಅದರ ಮೂರು ಪಟ್ಟು ಹೊತ್ತು. ಒಂದು ದಿನ ಕೂತು ಬಿಲ್ಲಿನ ನಮೂನೆ ಬದಲಿಸಿದೆವು. ಕಟ್ಟಿಗೆ ಒಂದು ಸಾಲು, ಹಾರ್ಡ್‌ವೇರ್ ಮತ್ತು ಪಾಲಿಶ್ ಒಂದು ಸಾಲು, ಬಡಗಿ ಕೆಲಸದ ಕೂಲಿ ಒಂದು ಸಾಲು, ಚಿತ್ತಾರದ ಕೂಲಿ ಒಂದು ಸಾಲು. ದಿನದ ಕೂಲಿ ಇಬ್ಬರಿಗೂ ಸಮ. ಚಿತ್ತಾರ ಬೇಡ ಅಂದರೆ ಆ ಸಾಲು ತೆಗೆದು ಬರಿ ಪಾಲಿಶ್ ಮಣೆ ಕೊಡುತ್ತೇವೆ, ಜಗಳವಿಲ್ಲ. ವಿಚಿತ್ರ ಅಂದರೆ ಆ ಸಾಲು ಕಣ್ಣಿಗೆ ಕಂಡ ಮೇಲೆ ಜನ ಅದನ್ನು ತೆಗೆಸೋದು ಕಡಿಮೆಯಾಯಿತು. ಅಡ್ವಾನ್ಸ್ ಅರ್ಧ, ಇದರಲ್ಲಿ ನೆಂಟರಿಗೂ ವಿನಾಯಿತಿ ಇಲ್ಲ. ನೆಂಟರಿಗಂತೂ ಇಲ್ಲವೇ ಇಲ್ಲ.

ಸರ್ಕಾರದ ಕಡೆಯಿಂದ ಎರಡು ವಿಷಯ ಗೊತ್ತಿರಲಿ. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು, 18 ಕಸುಬುಗಳಲ್ಲಿ ಬಡಗಿಯೂ ಇದೆ, ಗೊಂಬೆ ಮಾಡುವವರೂ ಇದ್ದಾರೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿಸಿದರೆ 2 ಲಕ್ಷದವರೆಗೆ ಸಾಲ. ಆದರೆ ಒಂದು ಕುಟುಂಬಕ್ಕೆ ಒಬ್ಬರಿಗೇ ಅವಕಾಶ. ಗಂಡ-ಹೆಂಡತಿ ಇಬ್ಬರೂ ಕಸುಬುದಾರರಾಗಿದ್ದರೂ ಒಬ್ಬರ ಹೆಸರೇ. ನಮ್ಮಲ್ಲಿ ಅವರ ಹೆಸರು ಹಾಕಿದೆವು, ಯಾಕಂದರೆ ಸಲಕರಣೆ ಖರ್ಚು ಬಡಗಿಗೇ ಜಾಸ್ತಿ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಕುಶಲಕರ್ಮಿ ಗುರುತಿನ ಚೀಟಿ ಒಬ್ಬೊಬ್ಬರಿಗೂ ಬೇರೆ, ಅದನ್ನು ನನ್ನ ಹೆಸರಲ್ಲಿ ಮಾಡಿಸಿದೆವು. ಮಕ್ಕಳ ಆಟಿಕೆ ಮಾರುವವರಿಗೆ 2021ರಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ, ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಕ್ಕೆ ವಿನಾಯಿತಿ ಇದೆ. ಸಣ್ಣ ಗಾಡಿ, ಎತ್ತು ಮಾಡುವಾಗ ಆ ಚೀಟಿ ಉಪಯೋಗಕ್ಕೆ ಬರುತ್ತದೆ.

ಮಾರಾಟಕ್ಕೆ ಅಂತ ನಾವು ಮಹಾ ಏನೂ ಮಾಡಿಲ್ಲ. ಜನವರಿಯ ಗವಿಮಠದ ಜಾತ್ರೆಯಲ್ಲಿ ಸಣ್ಣ ಅಂಗಡಿ ಹಾಕಿದಾಗ ಅಷ್ಟೊಂದು ಜನರಲ್ಲಿ ಮಂಚ ಕೇಳುವವರು ಯಾರೂ ಇಲ್ಲ, ಕೈಯಲ್ಲಿ ಹಿಡಿದು ಹೋಗುವಂಥದ್ದು ಬೇಕು. ಕನ್ನಡಿ ಚೌಕಟ್ಟು, ಕೀಲಿ ತೂಗು ಹಾಕುವ ಪಟ್ಟಿ ಮಾಡಿದ್ದು ಅಲ್ಲಿಂದ. ಆನೆಗೊಂದಿ, ಹಂಪಿ ಕಡೆಯ ಪ್ರವಾಸಿಗರಿಗೂ ಅದೇ, ಬ್ಯಾಗಿನಲ್ಲಿ ಹಿಡಿಸಬೇಕು. ದೊಡ್ಡ ಸಾಮಾನು ಬಾಯಿಮಾತಿನಿಂದ ಮತ್ತು ವಾಟ್ಸಾಪ್ ಸ್ಟೇಟಸ್‌ನಿಂದ ಹೋಗುತ್ತದೆ. ಮದುವೆ ಸೀಸನ್ನಿಗೆ ಹಸೆಮಣೆ, ಹೆರಿಗೆಗೆ ತವರಿಂದ ಕೊಡುವ ತೊಟ್ಟಿಲು, ಗೃಹಪ್ರವೇಶಕ್ಕೆ ಮಂಟಪ. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮಿಷನ್ನಿನಲ್ಲಿ ಎಂಡಿಎಫ್ (ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ) ಕೊರೆದ ಮಂಟಪ ನಮ್ಮ ಅರ್ಧ ದುಡ್ಡಿಗೆ ಸಿಗುತ್ತದೆ, ಅದರ ಜೊತೆ ರೇಟಿನಲ್ಲಿ ಹೊಡೆದಾಡೋಕೆ ಹೋಗಬೇಡಿ. ಬೇಗ ಬೇಕು, ಅಗ್ಗ ಇರಬೇಕು ಅನ್ನೋರಿಗೆ ನಾವೇ ಅದನ್ನು ತಗೊಳ್ಳಿ ಅನ್ನುತ್ತೇವೆ.

ಸಾಮಾನು ಕೊಡುವಾಗ ಒಂದು ಚೀಟಿ ಬರೆದು ಕೊಡುತ್ತೇನೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಉಬ್ಬು ಕೆಲಸದ ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ, ಕಿಟಕಿಯ ನೇರ ಬಿಸಿಲಿಗೆ ಇಡಬೇಡಿ, ಕೂಲರ್ ಎದುರಿಗೆ ಇಡಬೇಡಿ. ಕೊನೆಯದು ನಮ್ಮ ಕಡೆಗೆ ಬಹಳ ಮುಖ್ಯ. ಹಗಲೆಲ್ಲ ಹುಲ್ಲಿನ ಕೂಲರ್ ಒದ್ದೆ ಗಾಳಿ ಊದುತ್ತದೆ, ರಾತ್ರಿ ಕರೆಂಟ್ ಹೋದರೆ ಒಣ ಸೆಕೆ. ಒಂದೇ ದಿನದಲ್ಲಿ ಕಟ್ಟಿಗೆಗೆ ಎರಡು ಕಾಲ. ಹೋದ ಬೇಸಿಗೆಯಲ್ಲಿ ಗಂಗಾವತಿಯ ಒಬ್ಬ ಗಿರಾಕಿ ಮಂಟಪದ ಬಾಗಿಲು ಹಾಕೋಕೆ ಬರ್ತಿಲ್ಲ ಅಂತ ಕರೆದರು. ನಮ್ಮ ಮನೆಯವರು ಹತ್ತರಿ ಹಿಡಿದುಕೊಂಡೇ ಹೋದರು. ನೋಡಿದರೆ ಕೂಲರ್ ನೇರ ಮಂಟಪದ ಮುಖಕ್ಕೆ. "ಮಂಟಪ ಆ ಕಡೆ ಸರಿಸ್ರಿ" ಅಂದರು ಇವರು. "ಅದು ಈಶಾನ್ಯ ಮೂಲೆ, ಹೆಂಗ ಸರಿಸೋದ್ರಿ" ಅಂದರು ಅವರು. ಕೊನೆಗೆ ಕೂಲರ್ ನೈರುತ್ಯಕ್ಕೆ ಹೋಯಿತು, ವಾರದಲ್ಲಿ ಬಾಗಿಲು ತಾನಾಗಿ ಸಡಿಲವಾಯಿತು, ಹತ್ತರಿ ಚೀಲದಿಂದ ಹೊರಗೆ ಬರಲೇ ಇಲ್ಲ.